ಗೋಡೆಯೊಳಗೆ ಬೆಂದ ಸಿಹಿ

ಮನೆಯಲ್ಲಿ ಹಾಲು ಒಡೆದರೆ ಬೆಳಗಾಗುತ್ತಲೇ ಅಡುಗೆಮನೆಯಲ್ಲಿ ಮುಖಗಳು ಗಂಟಾಗುತ್ತವೆ. ಕಾಫಿಗೆ ಏನು ಮಾಡುವುದು ಎಂಬ ಚಿಂತೆ ಒಂದು ಕಡೆ, ದುಡ್ಡು ಕೊಟ್ಟು ತಂದದ್ದು ಹಾಳಾಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ. ಸ್ವಲ್ಪ ವ್ಯವಧಾನ ಇದ್ದವರು ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ಉಳಿಸಿಕೊಂಡು, ಸಕ್ಕರೆ ಏಲಕ್ಕಿ ಹಾಕಿ ಬಾಣಲೆಯಲ್ಲಿ ಕೆದಕಿ ಮಕ್ಕಳ ಕೈಗೆ ಒಂದು ಸಿಹಿ ಇಡುತ್ತಾರೆ. ಆದರೆ ಸೋಸಿದ ಮೇಲೆ ಕೆಳಗಿನ ಪಾತ್ರೆಯಲ್ಲಿ ಉಳಿಯುವ ತಿಳಿನೀರು? ಅದು ಬಹುಮಟ್ಟಿಗೆ ಬಚ್ಚಲಿಗೇ ಹೋಗುತ್ತದೆ.

ಇಟಲಿಯ ಕುರಿಗಾಹಿಗಳು ಆ ತಿಳಿನೀರನ್ನು ಚೆಲ್ಲಲಿಲ್ಲ. ಅದನ್ನು ಮತ್ತೊಮ್ಮೆ ಒಲೆಯ ಮೇಲಿಟ್ಟರು. ಅದರಿಂದ ಹುಟ್ಟಿದ ಬಿಳಿಯ ಮೃದುವಾದ ಪದಾರ್ಥಕ್ಕೆ ರಿಕೊಟ್ಟಾ ಎಂದು ಹೆಸರು. ಆ ರಿಕೊಟ್ಟಾಗೆ ಸಕ್ಕರೆ, ಮೊಟ್ಟೆ ಸೇರಿಸಿ ಬೇಯಿಸಿದ ಸಿಹಿ ಇಟಲಿಯ ಉದ್ದಗಲಕ್ಕೂ ಇದೆ, ಊರಿಗೊಂದು ರೂಪದಲ್ಲಿ, ಊರಿಗೊಂದು ಹೆಸರಿನಲ್ಲಿ. ನೇಪಲ್ಸ್ ನಗರದಲ್ಲಿ ಬೇಯಿಸಿದ ಗೋಧಿ ಕಾಳು ಬೆರೆಸಿ ಮಾಡಿದರೆ ಅದು ಪಾಸ್ತಿಯೇರಾ. ಸಿಸಿಲಿ ದ್ವೀಪದಲ್ಲಿ ಹಿಟ್ಟಿನ ಹೊದಿಕೆಯೊಳಗೆ ತುಂಬಿ ಬೇಯಿಸಿದರೆ ಒಲೆಯ ಕಸಾಟಾ. ಇವೆಲ್ಲವುಗಳ ನಡುವೆ ರೋಮ್ ನಗರದ ಒಂದು ಸಿಹಿಯ ಕಥೆ ಮಾತ್ರ ಬೇರೆಯೇ ತೂಕದ್ದು. ಅದರ ಹೆಸರು ಕಸ್ಸೋಲಾ. ಅದನ್ನು ಉಳಿಸಿಕೊಂಡು ಬಂದವರು ಮುನ್ನೂರು ವರ್ಷ ಗೋಡೆಯೊಳಗೆ ಬದುಕಿದ ಜನ, ರೋಮಿನ ಯಹೂದಿಗಳು.

ಹೊರಗಟ್ಟಿಸಿಕೊಂಡವರು ತಮ್ಮ ಜೊತೆ ಏನನ್ನು ಒಯ್ಯಬಲ್ಲರು, ಏನನ್ನು ಒಯ್ಯಲಾರರು ಎಂಬ ಪ್ರಶ್ನೆಗೆ ಈ ಸಿಹಿಯ ಚರಿತ್ರೆಯಲ್ಲಿ ಒಂದು ಉತ್ತರವಿದೆ.

ಎರಡು ಬಾರಿ ಬೆಂದದ್ದು

ಮೊದಲು ರಿಕೊಟ್ಟಾ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಇಟಾಲಿಯನ್ ಭಾಷೆಯಲ್ಲಿ ಆ ಪದದ ಅರ್ಥವೇ 'ಮತ್ತೆ ಬೆಂದದ್ದು' ಎಂದು. ಲ್ಯಾಟಿನ್ನಿನ 'ರೆಕೊಕ್ತಾ' ಅದರ ಮೂಲ.

ಹಾಲಿನಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ಹಸುವಿನ ಹಾಲನ್ನು ತೆಗೆದುಕೊಂಡರೆ ಅದರ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್ ಎಂಬುದು. ಉಳಿದ 20 ಪಾಲು ಬೇರೆ ಜಾತಿಯವು. ಗಿಣ್ಣು (ಚೀಸ್) ಮಾಡುವವರು ಉಗುರುಬೆಚ್ಚಗಿನ ಹಾಲಿಗೆ ರೆನ್ನೆಟ್ ಹಾಕುತ್ತಾರೆ. ಹಾಲು ಕುಡಿಯುವ ಎಳೆಯ ಕುರಿಮರಿಯ ಅಥವಾ ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು ಅದು. ಅದು ಕೇಸಿನನ್ನು ಮಾತ್ರ ಹಿಡಿದು ಗಟ್ಟಿ ಮಾಡುತ್ತದೆ. ಉಳಿದ ಪ್ರೋಟೀನುಗಳು ತಿಳಿನೀರಿನಲ್ಲೇ ಕರಗಿಕೊಂಡು ಉಳಿಯುತ್ತವೆ. ಕಣ್ಣಿಗೆ ಅದು ಬರೀ ನೀರು. ಆದರೆ ಆ ನೀರನ್ನು 80ರಿಂದ 90 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಿದರೆ ಅಡಗಿದ್ದ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಬಿಳಿಯ ಹಗುರ ಗರಣೆಗಳಾಗಿ ಮೇಲೆ ತೇಲುತ್ತವೆ. ಅವನ್ನು ಜಾಲರಿ ಸೌಟಿನಿಂದ ಎತ್ತಿ ಪುಟ್ಟ ಬುಟ್ಟಿಗಳಲ್ಲಿ ಹಾಕಿ ನೀರು ಇಳಿಯಲು ಬಿಡುತ್ತಾರೆ. ಹಿಂದೆ ಈ ಬುಟ್ಟಿಗಳನ್ನು ಜೊಂಡಿನಿಂದ ಹೆಣೆಯುತ್ತಿದ್ದರು. ಈಗ ಬಹುಪಾಲು ಪ್ಲಾಸ್ಟಿಕ್ಕಿನವು. ಬುಟ್ಟಿಯ ಗೆರೆಗಳು ರಿಕೊಟ್ಟಾದ ಮೈಮೇಲೆ ಅಚ್ಚೊತ್ತಿದಂತೆ ಉಳಿಯುತ್ತವೆ.

ಹಾಗಾದರೆ ನಮ್ಮ ಮನೆಯ ಪನೀರಿನಿಂದ ಉಳಿದ ನೀರನ್ನು ಕಾಯಿಸಿದರೂ ರಿಕೊಟ್ಟಾ ಸಿಗಬೇಕಲ್ಲ ಎಂದು ಓದುಗರು ಕೇಳಬಹುದು. ಸಿಗುವುದಿಲ್ಲ, ಸಿಕ್ಕರೂ ಒಂದು ಚಮಚ. ಕಾರಣ ಸರಳ. ಪನೀರಿಗೆ ನಾವು ಹಾಲನ್ನು ಕುದಿಸಿ, ಅದು ಬಿಸಿಯಾಗಿರುವಾಗಲೇ ನಿಂಬೆರಸ ಹಿಂಡುತ್ತೇವೆ. ಆ ಬಿಸಿಗೆ ಎರಡೂ ಬಗೆಯ ಪ್ರೋಟೀನುಗಳು ಒಟ್ಟಿಗೇ ಗಟ್ಟಿಯೊಳಗೆ ಸೇರಿಬಿಡುತ್ತವೆ. ಬೆಚ್ಚಗಿನ ಹಾಲಿಗೆ ರೆನ್ನೆಟ್ ಹಾಕುವ ಪದ್ಧತಿಯಲ್ಲಿ ಮಾತ್ರ ಎರಡನೆಯ ಬೆಳೆ ಉಳಿದಿರುತ್ತದೆ. ಗದ್ದೆಯಲ್ಲಿ ಕೊಯ್ಲಾದ ಮೇಲೆ ಉದುರಿದ ತೆನೆ ಆರಿಸುವ ಹಾಗೆ, ಗಿಣ್ಣಿನ ಕೊಯ್ಲು ಮುಗಿದ ಮೇಲೆ ಆರಿಸಿಕೊಂಡದ್ದು ರಿಕೊಟ್ಟಾ.

ರೋಮ್ ಸುತ್ತಿನ ಬಯಲು ಸೀಮೆ ಶತಮಾನಗಳಿಂದ ಕುರಿಗಳ ನಾಡು. ಅಲ್ಲಿಯ ಪ್ರಸಿದ್ಧ ಪೆಕೊರೀನೊ ಗಿಣ್ಣು ಕುರಿ ಹಾಲಿನದು. ಗಿಣ್ಣನ್ನು ಒಡೆಯನಿಗೂ ಪೇಟೆಗೂ ಕೊಟ್ಟ ಮೇಲೆ ಉಳಿದ ತಿಳಿನೀರಿನ ರಿಕೊಟ್ಟಾ ಕುರಿಗಾಹಿಯ ಮನೆಯ ಊಟ. ಇಂದು ಅದಕ್ಕೆ ಎಷ್ಟು ಮರ್ಯಾದೆ ಎಂದರೆ 'ರಿಕೊಟ್ಟಾ ರೊಮಾನಾ' ಎಂಬ ಹೆಸರಿಗೆ 2005ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನಿನ ರಕ್ಷಣೆ ಕೊಟ್ಟಿದೆ. ನಮ್ಮ ಮೈಸೂರು ರೇಷ್ಮೆ, ಧಾರವಾಡ ಪೇಡೆಗಳಿಗೆ ಸಿಕ್ಕ ಭೌಗೋಳಿಕ ಗುರುತಿನಂತಹದೇ ವ್ಯವಸ್ಥೆ ಅದು.

ಯಾರು ತಂದರು?

ರೋಮಿಗೆ ರಿಕೊಟ್ಟಾ ತಂದವರೇ ಸಿಸಿಲಿಯಿಂದ ಬಂದ ಯಹೂದಿ ನಿರಾಶ್ರಿತರು ಎಂಬ ಮಾತು ಅಲ್ಲಲ್ಲಿ ಓದಲು ಸಿಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. 15ನೇ ಶತಮಾನದಲ್ಲಿ ರೋಮಿನಲ್ಲಿ ನೆಲೆಸಿದ್ದ ವಿದ್ವಾಂಸ ಪ್ಲಾತಿನಾ ಅಡುಗೆ ಮತ್ತು ಆರೋಗ್ಯದ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದ. ಅದು 1470ರ ದಶಕದಲ್ಲಿ ಅಚ್ಚಾಯಿತು. ಅದರಲ್ಲಿ ಗಿಣ್ಣಿನಿಂದ ಉಳಿದ ತಿಳಿನೀರನ್ನು ಕಾಯಿಸಿ ರೆಕೊಕ್ತಾ ತೆಗೆಯುವ ವಿವರವಿದೆ. ಎಂದರೆ ನಿರಾಶ್ರಿತರು ಬರುವ ಮೊದಲೇ ರೋಮ್ ಜನ ಅದನ್ನು ಬಲ್ಲವರಾಗಿದ್ದರು.

ಇನ್ನೊಂದು ಸರಳ ತರ್ಕವೂ ಇದೆ. ತಾಜಾ ರಿಕೊಟ್ಟಾ ಎರಡು ಮೂರು ದಿನಕ್ಕೆ ಹುಳಿಯುತ್ತದೆ. ಅದನ್ನು ಗಂಟು ಕಟ್ಟಿಕೊಂಡು ಸಮುದ್ರ ದಾಟುವುದಕ್ಕೆ ಆಗುವುದಿಲ್ಲ. ದಾಟಿದ್ದು ಕೈಯ ರೂಢಿ ಮಾತ್ರ, ಅಂದರೆ ಅದನ್ನು ಸಿಹಿಗೆ ಬಳಸುವ ಬಗೆ. ಆ ರೂಢಿ ಏಕೆ ಸಿಸಿಲಿಯದಾಗಿರಬಹುದು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಸಿಸಿಲಿ ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪ. 9ನೇ ಶತಮಾನದಲ್ಲಿ ಅರಬರು ಅದನ್ನು ಗೆದ್ದುಕೊಂಡರು. ಅವರ ಜೊತೆ ಕಬ್ಬು ಬಂತು, ನಿಂಬೆ ಜಾತಿಯ ಹಣ್ಣುಗಳು ಬಂದವು. ಯುರೋಪಿನ ಬಹುಭಾಗಕ್ಕೆ ಸಕ್ಕರೆ ಎಂದರೆ ಔಷಧಿ ಅಂಗಡಿಯಲ್ಲಿ ತೂಗಿ ಕೊಡುವ ದುಬಾರಿ ಸರಕಾಗಿದ್ದ ಕಾಲದಲ್ಲಿ ಸಿಸಿಲಿಯಲ್ಲಿ ಕಬ್ಬಿನ ಗಾಣಗಳಿದ್ದವು. ದ್ವೀಪದ ಯಹೂದಿಗಳು ಅರಬರ ಆಳ್ವಿಕೆ ಮುಗಿದ ಮೇಲೂ ಎಷ್ಟೋ ಕಾಲ ಅರಬ್ಬೀ ಬೆರೆತ ಭಾಷೆಯನ್ನೇ ಆಡುತ್ತಿದ್ದರು. ಕುರಿ ಹಾಲು, ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ ಇವೆಲ್ಲ ಒಂದೇ ಅಡುಗೆಮನೆಯಲ್ಲಿ ಕೂಡಿದ ಜಾಗ ಅದು.

1492 ಎಂದರೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಕೊಲಂಬಸ್ ಅಮೆರಿಕ ತಲುಪಿದ ವರ್ಷ. ಯಹೂದಿಗಳ ನೆನಪಿನಲ್ಲಿ ಅದು ಬೇರೆಯೇ ವರ್ಷ. ಆ ವರ್ಷ ಮಾರ್ಚ್ 31ರಂದು ಸ್ಪೇನಿನ ದೊರೆ ಫರ್ಡಿನಾಂಡ್ ಮತ್ತು ರಾಣಿ ಇಸಬೆಲಾ ತಮ್ಮ ರಾಜ್ಯದ ಯಹೂದಿಗಳೆಲ್ಲ ಕ್ರೈಸ್ತರಾಗಬೇಕು, ಇಲ್ಲವೆ ನಾಡು ಬಿಡಬೇಕು ಎಂದು ಆಜ್ಞೆ ಹೊರಡಿಸಿದರು. ಸಿಸಿಲಿ ಆಗ ಫರ್ಡಿನಾಂಡನ ಆರಗಾನ್ ರಾಜ್ಯಕ್ಕೆ ಸೇರಿತ್ತು. ಆಜ್ಞೆ ಅಲ್ಲಿಗೂ ಬಂತು. ದ್ವೀಪದ ಅಧಿಕಾರಿಗಳೇ ಅದನ್ನು ವಿರೋಧಿಸಿ ದೊರೆಗೆ ಬರೆದರು. ನಮ್ಮಲ್ಲಿ ಕಬ್ಬಿಣದ ಕೆಲಸ ಮಾಡುವವರೆಲ್ಲ ಹೆಚ್ಚುಕಡಿಮೆ ಯಹೂದಿಗಳೇ, ಅವರು ಹೋದರೆ ಕುದುರೆಗೆ ಲಾಳ ಕಟ್ಟುವವರಿಲ್ಲ, ನೇಗಿಲಿಗೆ ಗುಳ ಮಾಡುವವರಿಲ್ಲ ಎಂಬ ಅರ್ಥದ ಅಹವಾಲು ಅದು. ದೊರೆ ಕೇಳಲಿಲ್ಲ. ಗಡುವು ಸ್ವಲ್ಪ ಮುಂದೆ ಹೋಯಿತು ಅಷ್ಟೆ. 1493ರ ಜನವರಿಯ ಹೊತ್ತಿಗೆ ಮತ ಬದಲಿಸದವರೆಲ್ಲ ಹಡಗು ಹತ್ತಬೇಕಾಯಿತು. ಒಂದೂವರೆ ಸಾವಿರ ವರ್ಷ ಬಾಳಿದ್ದ ಸಮುದಾಯ ಕೆಲವೇ ತಿಂಗಳಲ್ಲಿ ದ್ವೀಪದಿಂದ ಇಲ್ಲವಾಯಿತು.

ಹೊರಟವರಲ್ಲಿ ಒಂದು ಪಾಲು ಇಟಲಿಯ ನೆಲಕ್ಕೆ ಬಂದು, ಕೊನೆಗೆ ರೋಮ್ ಸೇರಿತು. ಇದಕ್ಕೆ ಗಟ್ಟಿ ಸಾಕ್ಷಿ ಇದೆ. ರೋಮಿನ ಯಹೂದಿಗಳ ಐದು ಪ್ರಾರ್ಥನಾ ಸಭೆಗಳಲ್ಲಿ ಒಂದರ ಹೆಸರು 'ಸ್ಕೋಲಾ ಸಿಸಿಲಿಯಾನಾ', ಅಂದರೆ ಸಿಸಿಲಿಯವರ ಸಭೆ. ಇನ್ನೊಂದು ಕೆಟಲಾನರದು, ಮತ್ತೊಂದು ಕಾಸ್ಟೀಲಿನವರದು. ಬಂದವರು ತಮ್ಮ ತಮ್ಮ ಊರಿನ ಹೆಸರನ್ನೂ ಪ್ರಾರ್ಥನೆಯ ಕ್ರಮವನ್ನೂ ಬಿಡಲಿಲ್ಲ. ಊಟದ ಕ್ರಮವನ್ನೂ ಬಿಟ್ಟಿರಲಾರರು. ಕಸ್ಸೋಲಾ ಈ ಸಿಸಿಲಿಯವರೊಂದಿಗೆ ರೋಮಿಗೆ ಬಂದ ಸಿಹಿ ಎಂದು ಆಹಾರದ ಚರಿತ್ರೆ ಬರೆಯುವ ಹಲವರು ಹೇಳುವುದು ಈ ಹಿನ್ನೆಲೆಯಲ್ಲಿ.

ಹೆಸರಿನಲ್ಲೂ ಒಂದು ಸುಳಿವಿದೆ. ಕೆಟಲಾನ್ ಭಾಷೆಯಲ್ಲಿ 'ಕಸ್ಸೋಲಾ' ಎಂದರೆ ಅಗಲ ಬಾಯಿಯ ಅಡುಗೆ ಪಾತ್ರೆ. ಸ್ಪ್ಯಾನಿಷಿನಲ್ಲಿ ಅದೇ ಪದ 'ಕಸುಯೆಲಾ' ಆಗುತ್ತದೆ. ಆರಗಾನ್ ದೊರೆಗಳ ಕಾಲದಲ್ಲಿ ಕೆಟಲಾನ್ ಸಿಸಿಲಿಯಲ್ಲೂ ಓಡಾಡುತ್ತಿದ್ದ ಭಾಷೆ. ಪಾತ್ರೆಯ ಹೆಸರೇ ಅದರಲ್ಲಿ ಬೆಂದ ತಿಂಡಿಗೆ ಅಂಟುವುದು ಎಲ್ಲ ಕಡೆ ಇರುವ ಪದ್ಧತಿ.

ಏನಿದು ಕಸ್ಸೋಲಾ?

ಇಷ್ಟೆಲ್ಲ ಚರಿತ್ರೆ ಹೊತ್ತ ಸಿಹಿ ಬಹಳ ಆಡಂಬರದ್ದಿರಬೇಕು ಎಂದುಕೊಂಡರೆ ನಿರಾಸೆಯಾದೀತು. ಅದರಲ್ಲಿ ಮುಖ್ಯವಾಗಿ ಇರುವುದು ಮೂರೇ ಪದಾರ್ಥ: ರಿಕೊಟ್ಟಾ, ಸಕ್ಕರೆ, ಮೊಟ್ಟೆ. ಪರಿಮಳಕ್ಕೆ ದಾಲ್ಚಿನ್ನಿ ಪುಡಿ ಅಥವಾ ತುರಿದ ನಿಂಬೆ ಸಿಪ್ಪೆ. ಮೈದಾ ಇಲ್ಲ, ಬೆಣ್ಣೆ ಇಲ್ಲ, ಹೊರಗಿನ ಹೊದಿಕೆಯೂ ಇಲ್ಲ. ಸಾಮಾನ್ಯ ಅಳತೆ ಎಂದರೆ ಅರ್ಧ ಕಿಲೊ ರಿಕೊಟ್ಟಾಗೆ ನಾಲ್ಕೈದು ಮೊಟ್ಟೆ, 150ರಿಂದ 200 ಗ್ರಾಂ ಸಕ್ಕರೆ. ಕಲಸಿ, ಜಿಡ್ಡು ಸವರಿದ ತಟ್ಟೆಗೆ ಸುರಿದು, 180 ಡಿಗ್ರಿಯ ಒಲೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಇಟ್ಟರೆ ಮೇಲೆ ಕಂದು ಬಣ್ಣ, ಒಳಗೆ ಬಿಳಿ. ಒಲೆಯಲ್ಲಿ ಉಬ್ಬಿ ನಿಲ್ಲುತ್ತದೆ, ಹೊರಗೆ ತೆಗೆದ ಮೇಲೆ ನಿಧಾನವಾಗಿ ಕುಗ್ಗುತ್ತದೆ. ಅದು ಕೆಟ್ಟಿತೆಂದು ಅರ್ಥವಲ್ಲ, ಅದರ ಸ್ವಭಾವವೇ ಹಾಗೆ. ಒಲೆಯಿಲ್ಲದ ಮನೆಗಳಲ್ಲಿ ಬಾಣಲೆಯಲ್ಲೇ ಎರಡೂ ಬದಿ ಬೇಯಿಸುವ ರೂಢಿಯೂ ಇದೆ.

ಕೆಲಸದಲ್ಲಿರುವ ಸೂಕ್ಷ್ಮ ಒಂದೇ. ರಿಕೊಟ್ಟಾದಲ್ಲಿ ನೀರು ಉಳಿದಿರಬಾರದು. ಹಿಂದಿನ ರಾತ್ರಿಯೇ ಜರಡಿಯಲ್ಲಿಟ್ಟು ನೀರಿಳಿಸಿ, ಬೆಳಿಗ್ಗೆ ಅದನ್ನು ನುಣ್ಣಗೆ ಉಜ್ಜಿಕೊಳ್ಳಬೇಕು. ಗಿಣ್ಣಿನಂತೆ ರಿಕೊಟ್ಟಾ ಬಿಸಿಗೆ ಕರಗಿ ಹರಿಯುವುದಿಲ್ಲ. ಅದು ಆಗಲೇ ಬಿಸಿಯಲ್ಲಿ ಗಟ್ಟಿಯಾದದ್ದು. ಅದನ್ನು ಒಟ್ಟಿಗೆ ಹಿಡಿದು ನಿಲ್ಲಿಸುವುದು ಮೊಟ್ಟೆ.

ರುಚಿ ಹೇಗಿರುತ್ತದೆ ಎಂದು ಊಹಿಸಲು ನಮ್ಮ ದೇಶದಲ್ಲೇ ಒಂದು ಹತ್ತಿರದ ಹೋಲಿಕೆ ಇದೆ. ಒಡಿಶಾದ ಛೆನಾ ಪೋಡ ತಿಂದವರಿಗೆ ಅದು ಥಟ್ಟನೆ ನೆನಪಾಗಬಹುದು. ಹಾಲು ಒಡೆದು ಮಾಡಿದ ಛೆನಾಕ್ಕೆ ಸಕ್ಕರೆ, ಸ್ವಲ್ಪ ರವೆ ಸೇರಿಸಿ ಮೇಲ್ಮೈ ಕರಿಕಂದಾಗುವವರೆಗೆ ಸುಡುವ ಸಿಹಿ ಅದು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಹಾಲು, ಸಕ್ಕರೆ, ಬೆಂಕಿ ಸೇರಿದಾಗ ದೂರದ ಎರಡು ನಾಡುಗಳಲ್ಲಿ ಕೈಗಳು ಒಂದೇ ದಾರಿ ಹಿಡಿದಿವೆ.

ಕಸ್ಸೋಲಾ ಯಹೂದಿ ಮನೆಗಳಲ್ಲಿ ಇಷ್ಟು ಬೇರೂರಲು ಅವರ ಆಚಾರವೂ ಕಾರಣ. ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಂದೇ ಊಟದಲ್ಲಿ ಕೂಡಿಸಬಾರದು ಎಂಬುದು ಅವರ ಧರ್ಮದ ಕಟ್ಟಳೆ. ಮಾಂಸದ ಊಟವಾದ ಮೇಲೆ ಹಾಲಿನ ಸಿಹಿ ಬಡಿಸುವ ಹಾಗಿಲ್ಲ. ಹಾಗಾಗಿ ಹಾಲಿನ ಸಿಹಿಗೆ ಅದರದೇ ಆದ ಊಟ, ಅದರದೇ ಆದ ದಿನ ಬೇಕು. ಆ ದಿನ ಶಾವುಓತ್ ಹಬ್ಬ. ಪಾಸೋವರ್ ಹಬ್ಬ ಕಳೆದು ಏಳು ವಾರಕ್ಕೆ, ಮೇ ಅಥವಾ ಜೂನ್ ತಿಂಗಳಲ್ಲಿ ಬರುವ ಈ ಹಬ್ಬದಲ್ಲಿ ಹಾಲಿನ ಅಡುಗೆ ಮಾಡುವುದು ಯಹೂದಿಗಳಲ್ಲಿ ಹಳೆಯ ಸಂಪ್ರದಾಯ. ರೋಮಿನ ಯಹೂದಿ ಮನೆಗಳಲ್ಲಿ ಆಗ ಕಸ್ಸೋಲಾ ಬೇಯುತ್ತದೆ. ಕುರಿಗಳ ಹಾಲು ಇಳಿಯುವುದಕ್ಕೆ ಮುಂಚಿನ ದಿನಗಳು ಅವು. ಬಿಸಿಲು ಏರಿದ ಮೇಲೆ ಹಿಂಡುಗಳು ಬಯಲು ಬಿಟ್ಟು ಬೆಟ್ಟ ಹತ್ತುತ್ತಿದ್ದವು. ಹಬ್ಬದ ಲೆಕ್ಕವೂ ಹಟ್ಟಿಯ ಲೆಕ್ಕವೂ ಹೀಗೆ ಕೂಡಿಕೊಂಡಿವೆ.

ಏಳು ಎಕರೆಯ ಲೋಕ

ನಿರಾಶ್ರಿತರು ರೋಮಿನಲ್ಲಿ ನೆಲೆ ಕಂಡು ಅರವತ್ತು ವರ್ಷವಾಗಿತ್ತು. 1555ರ ಜುಲೈ 14ರಂದು ಪೋಪ್ ನಾಲ್ಕನೇ ಪಾಲ್ ಒಂದು ಶಾಸನ ಹೊರಡಿಸಿದ. ರೋಮ್ ಆಗ ಪೋಪರ ಆಳ್ವಿಕೆಯ ನಗರ. ಪೋಪರ ಶಾಸನಗಳಿಗೆ ಅವುಗಳ ಮೊದಲ ಪದಗಳೇ ಹೆಸರಾಗುವುದು ವಾಡಿಕೆ. ಇದರ ಹೆಸರು 'ಕುಮ್ ನಿಮಿಸ್ ಅಬ್ಸುರ್ಡುಮ್'. ಯಹೂದಿಗಳು ಕ್ರೈಸ್ತರ ನಡುವೆ ಸರಿಸಮವಾಗಿ ಬಾಳುವುದು ಅತಿ ಅಸಂಬದ್ಧ ಎಂಬ ಭಾವದಿಂದ ಅದು ಶುರುವಾಗುತ್ತದೆ.

ಶಾಸನದ ಪ್ರಕಾರ ಯಹೂದಿಗಳೆಲ್ಲ ಟೈಬರ್ ನದಿಯ ದಂಡೆಯ ಒಂದು ತಗ್ಗು ಪ್ರದೇಶದಲ್ಲಿ ಮಾತ್ರ ವಾಸಿಸಬೇಕು. ಸುತ್ತ ಗೋಡೆ, ರಾತ್ರಿಯಾದರೆ ಬಾಗಿಲಿಗೆ ಬೀಗ. ಹೊರಗೆ ಬರುವಾಗ ಗಂಡಸರು ಹಳದಿ ಟೋಪಿ ಧರಿಸಬೇಕು. ಸ್ಥಿರಾಸ್ತಿ ಇಟ್ಟುಕೊಳ್ಳಬಾರದು. ವ್ಯಾಪಾರವೆಂದರೆ ಹಳೆ ಬಟ್ಟೆ, ಚಿಂದಿಯದು ಮಾತ್ರ. ದವಸಧಾನ್ಯ ಮತ್ತು ಜನರ ಬಳಕೆಗೆ ಬೇಕಾದ ಇತರ ವಸ್ತುಗಳ ವ್ಯಾಪಾರ ಮಾಡಕೂಡದು. ಪ್ರಾರ್ಥನಾ ಮಂದಿರ ಒಂದಕ್ಕಿಂತ ಹೆಚ್ಚು ಇರಬಾರದು. ಈ ಕೊನೆಯ ಕಟ್ಟಳೆಗೆ ಜನ ಒಂದು ಉಪಾಯ ಕಂಡುಕೊಂಡರು. ಹೊರಗಿನಿಂದ ಒಂದೇ ಕಟ್ಟಡ, ಒಳಗೆ ಐದು ಸಭೆಗಳಿಗೆ ಐದು ಬೇರೆ ಬೇರೆ ಕೋಣೆ. ಸಿಸಿಲಿಯವರ ಪ್ರಾರ್ಥನೆ ಸಿಸಿಲಿಯವರಿಗೇ ಉಳಿಯಿತು. ಆ ಕಟ್ಟಡ ಈಗ ಇಲ್ಲ. ಅದರ ನೆನಪಿಗೆ ಅಲ್ಲಿನ ಚೌಕಕ್ಕೆ 'ಐದು ಸ್ಕೋಲಾಗಳ ಚೌಕ' ಎಂಬ ಹೆಸರಿದೆ.

ಇಂತಹ ಕೇರಿಗೆ ಗೆಟ್ಟೊ ಎಂಬ ಪದ ಬಳಕೆಗೆ ಬಂದದ್ದು ವೆನಿಸ್ ನಗರದಿಂದ. ಅಲ್ಲಿ 1516ರಲ್ಲಿ ಯಹೂದಿಗಳನ್ನು ಒಂದು ಪುಟ್ಟ ದ್ವೀಪಕ್ಕೆ ಸೀಮಿತಗೊಳಿಸಿದ್ದರು. ಮೊದಲು ಅಲ್ಲಿ ಲೋಹ ಎರಕ ಹೊಯ್ಯುತ್ತಿದ್ದುದರಿಂದ ಜಾಗಕ್ಕೆ ಆ ಹೆಸರಿತ್ತು ಎಂಬುದು ಹೆಚ್ಚಿನವರು ಒಪ್ಪಿದ ವಿವರಣೆ. ರೋಮಿನ ಗೆಟ್ಟೊ ಮೊದಲಿಗೆ ಸುಮಾರು ಏಳು ಎಕರೆ. ಅಷ್ಟರಲ್ಲೇ ಸಾವಿರಾರು ಜನ. ಅಗಲಕ್ಕೆ ಜಾಗವಿಲ್ಲದೆ ಮನೆಗಳು ಎತ್ತರಕ್ಕೆ ಬೆಳೆದವು. ನದಿ ಉಕ್ಕಿದಾಗ ನೀರು ಮೊದಲು ನುಗ್ಗುತ್ತಿದ್ದುದು ಅಲ್ಲಿಗೇ.

ಈ ಬದುಕು ಅಡುಗೆಯ ಮೇಲೆ ತನ್ನ ಗುರುತು ಬಿಟ್ಟಿದೆ. ಅಗ್ಗವಾಗಿ ಸಿಕ್ಕಿದ್ದನ್ನೇ ರುಚಿ ಮಾಡುವ ಜಾಣ್ಮೆ ಅದು. ಎಣ್ಣೆಯಲ್ಲಿ ಹೂವಿನಂತೆ ಅರಳುವ ಹಾಗೆ ಕರಿದ ಆರ್ಟಿಚೋಕ್ ಇಂದು ರೋಮಿಗೆ ಹೋದ ಪ್ರವಾಸಿಗಳೆಲ್ಲ ಕೇಳಿ ತಿನ್ನುವ ಖಾದ್ಯ. ಅದರ ಹೆಸರೇ 'ಯಹೂದಿ ರೀತಿಯ ಆರ್ಟಿಚೋಕ್'. ಹಂದಿಯ ಕೊಬ್ಬನ್ನು ಮುಟ್ಟದ ಜನ ಎಣ್ಣೆಯನ್ನೂ ಹಾಲನ್ನೂ ಬಳಸುವ ಬಗೆಯಲ್ಲಿ ಪಳಗಿದರು. ಗಿಣ್ಣು ಕೊಳ್ಳಲಾಗದವರಿಗೂ ರಿಕೊಟ್ಟಾ ಎಟಕುತ್ತಿತ್ತು.

ಮುಚ್ಚಳದ ಕಥೆ

ಕಸ್ಸೋಲಾಗೆ ಒಬ್ಬ ತಂಗಿ ಇದ್ದಾಳೆ. ಇಂದು ಅಕ್ಕನಿಗಿಂತ ಹೆಚ್ಚು ಹೆಸರು ಮಾಡಿರುವುದು ಅವಳೇ. ಹಿಟ್ಟಿನ ಹೊದಿಕೆಯೊಳಗೆ ಮೊದಲು ವಿಶೋಲೆ ಎಂಬ ಹುಳಿ ಚೆರ್ರಿಯ ಪಾಕ, ಅದರ ಮೇಲೆ ದಪ್ಪಕ್ಕೆ ರಿಕೊಟ್ಟಾ, ಮೇಲೆ ಮತ್ತೆ ಹಿಟ್ಟಿನ ಮುಚ್ಚಳ. ಬೇಯಿಸುವಾಗ ಮೇಲ್ಭಾಗ ಹೊತ್ತಿದೆಯೇನೋ ಎನ್ನುವಷ್ಟು ಕಪ್ಪಾಗಬೇಕು. ಕತ್ತರಿಸಿದರೆ ಕಪ್ಪು, ಬಿಳಿ, ಕಡುಗೆಂಪು ಮೂರು ಪದರ. ರಿಕೊಟ್ಟಾದ ಸಪ್ಪೆ ಸಿಹಿಗೆ ಚೆರ್ರಿಯ ಹುಳಿ, ಮುಚ್ಚಳದ ಸಣ್ಣ ಕಹಿ ಕೂಡಿದಾಗ ಬರುವ ರುಚಿಯೇ ಅದರ ಆಕರ್ಷಣೆ. ಹಳೆಯ ಗೆಟ್ಟೊ ಇದ್ದ ಪೋರ್ತಿಕೊ ದೊತ್ತಾವಿಯಾ ಬೀದಿಯಲ್ಲಿರುವ ಬೊಚ್ಚೋನೆ ಎಂಬ ಚಿಕ್ಕ ಯಹೂದಿ ಬೇಕರಿ ಈ ಸಿಹಿಗೆ ಹೆಸರುವಾಸಿ.

ಈ ಮುಚ್ಚಳ ಏಕೆ ಎಂಬುದಕ್ಕೆ ರೋಮಿನಲ್ಲಿ ಒಂದು ಕಥೆ ಹೇಳುತ್ತಾರೆ. 18ನೇ ಶತಮಾನದಲ್ಲಿ ಯಹೂದಿಗಳು ಕ್ರೈಸ್ತರಿಗೆ ಹಾಲಿನ ಪದಾರ್ಥ ಮಾರಬಾರದೆಂದು ಪೋಪರ ಆಡಳಿತ ಕಟ್ಟಪ್ಪಣೆ ಮಾಡಿತಂತೆ. ಆಗ ಗೆಟ್ಟೊದ ಬೇಕರಿಯವರು ರಿಕೊಟ್ಟಾ ಕಾಣದಂತೆ ಮೇಲೆ ಹಿಟ್ಟಿನ ಮುಚ್ಚಳ ಹಾಕಿ, ಕಾವಲಿನವರ ಕಣ್ಣು ತಪ್ಪಿಸಿದರಂತೆ. ಪ್ರವಾಸಿಗಳಿಗೆ ದಾರಿ ತೋರಿಸುವವರ ಬಾಯಲ್ಲಿ ಈ ಕಥೆ ತಪ್ಪದೆ ಬರುತ್ತದೆ.

ಇದನ್ನು ಎಷ್ಟು ನಂಬಬಹುದು? ವ್ಯಾಪಾರದ ನಿರ್ಬಂಧ ಸುಳ್ಳಲ್ಲ. 1555ರ ಶಾಸನದಲ್ಲೇ ಅದರ ಬೇರು ಇದೆ. 1775ರಲ್ಲಿ ಆರನೇ ಪಯಸ್ ಪೋಪ್ ಹೊರಡಿಸಿದ ಶಾಸನ ಯಹೂದಿಗಳ ಮೇಲಿನ ಕಟ್ಟುಗಳನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಮುಚ್ಚಳವಿರುವ ಹಿಟ್ಟಿನ ಸಿಹಿಗಳು ಇಟಲಿಯ ತುಂಬ ಇವೆ, ಅವನ್ನು ಯಾರ ಕಣ್ಣು ತಪ್ಪಿಸಲೂ ಮಾಡಿದ್ದಲ್ಲ. ಮುಚ್ಚಳ ಒಳಗಿನ ರಿಕೊಟ್ಟಾ ಒಣಗದಂತೆ ಕಾಯುತ್ತದೆ ಎಂಬ ಸಾದಾ ಕಾರಣವೂ ಇದೆ. ಮೇಲಾಗಿ, ಪರೀಕ್ಷಿಸಲು ಬಂದ ಕಾವಲುಗಾರ ಒಂದು ತುಂಡು ಮುರಿದು ನೋಡಿದರೆ ಗುಟ್ಟು ರಟ್ಟು. ಆದ್ದರಿಂದ ಈ ಕಥೆಯನ್ನು ನಡೆದ ಸಂಗತಿ ಎಂದು ತೆಗೆದುಕೊಳ್ಳುವುದಕ್ಕಿಂತ, ಒಂದು ಸಮುದಾಯ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಎಂದು ತೆಗೆದುಕೊಳ್ಳುವುದು ಮೇಲು. ನಮ್ಮನ್ನು ಬಚ್ಚಿಟ್ಟಿರಿ, ನಾವು ನಮ್ಮ ಸಿಹಿಯನ್ನು ಬಚ್ಚಿಟ್ಟು ಉಳಿಸಿಕೊಂಡೆವು ಎಂಬ ಮಾತು. ಐದು ಸಭೆಗಳನ್ನು ಒಂದೇ ಸೂರಿನ ಕೆಳಗೆ ಅಡಗಿಸಿಟ್ಟ ಜನರ ಬಾಯಲ್ಲಿ ಇಂತಹ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಗೋಡೆ ಬಿದ್ದ ಮೇಲೆ

ನೆಪೋಲಿಯನ್ ಕಾಲದಲ್ಲಿ ಫ್ರೆಂಚರು ರೋಮ್ ಹಿಡಿದಾಗ ಗೆಟ್ಟೊದ ಕಟ್ಟಳೆಗಳು ಸಡಿಲಗೊಂಡು, ಅವರು ಹೋದ ಮೇಲೆ ಮತ್ತೆ ಬಂದವು. 1848ರಲ್ಲಿ ಒಂಬತ್ತನೇ ಪಯಸ್ ಪೋಪ್ ಕಾಲದಲ್ಲಿ ಗೋಡೆ ಕೆಡವಲಾಯಿತು. ಆದರೂ ಯಹೂದಿಗಳು ಸಮಾನ ಪ್ರಜೆಗಳಾದದ್ದು 1870ರ ಸೆಪ್ಟೆಂಬರ್ 20ರಂದು ಇಟಲಿ ರಾಜ್ಯದ ಸೈನ್ಯ ರೋಮ್ ಪ್ರವೇಶಿಸಿ ಪೋಪರ ಆಳ್ವಿಕೆ ಕೊನೆಗೊಂಡ ಮೇಲೆಯೇ. ಮುಂದೆ ಹಳೆಯ ಮನೆಗಳನ್ನು ಕೆಡವಿ, ನದಿಗೆ ಎತ್ತರದ ದಂಡೆ ಕಟ್ಟಿ, 1904ರಲ್ಲಿ ಅದೇ ಜಾಗದಲ್ಲಿ ದೊಡ್ಡ ಪ್ರಾರ್ಥನಾ ಮಂದಿರ ಎದ್ದು ನಿಂತಿತು.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಬೇಕಿತ್ತು. 1938ರಲ್ಲಿ ಮುಸೊಲಿನಿ ಸರಕಾರ ಜನಾಂಗೀಯ ಕಾನೂನುಗಳನ್ನು ತಂದಿತು. 1943ರಲ್ಲಿ ಜರ್ಮನ್ ಸೈನ್ಯ ರೋಮ್ ನಗರವನ್ನು ವಶಪಡಿಸಿಕೊಂಡಿತು. ಅಲ್ಲಿನ ಜರ್ಮನ್ ಪೊಲೀಸ್ ಅಧಿಕಾರಿ ಯಹೂದಿ ಸಮುದಾಯದಿಂದ 36 ಗಂಟೆಯೊಳಗೆ 50 ಕಿಲೊ ಚಿನ್ನ ಕೇಳಿದ. ಉಂಗುರ, ಸರ ಬಿಚ್ಚಿಕೊಟ್ಟು, ಕ್ರೈಸ್ತ ನೆರೆಹೊರೆಯವರೂ ಕೈಗೂಡಿಸಿ ಚಿನ್ನ ಹೊಂದಿಸಿದರು. ಅದರಿಂದ ಪ್ರಯೋಜನವಾಗಲಿಲ್ಲ. ಅಕ್ಟೋಬರ್ 16, ಶನಿವಾರ, ಯಹೂದಿಗಳ ವಿಶ್ರಾಂತಿಯ ದಿನ. ಬೆಳಕು ಹರಿಯುವ ಮೊದಲೇ ಸೈನಿಕರು ಹಳೆಯ ಗೆಟ್ಟೊ ಪ್ರದೇಶವನ್ನು ಸುತ್ತುವರಿದರು. ನಗರದ ಬೇರೆ ಕಡೆಗಳಲ್ಲೂ ಹುಡುಕಾಟ ನಡೆಯಿತು. ಎರಡು ದಿನದ ಬಳಿಕ ಸಾವಿರಕ್ಕೂ ಹೆಚ್ಚು ಜನರನ್ನು ರೈಲಿನಲ್ಲಿ ತುಂಬಿ ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ಅವರಲ್ಲಿ ಜೀವಂತ ಹಿಂದಿರುಗಿದವರು 16 ಮಂದಿ. ಹಿಡಿದವರನ್ನು ತಂದು ಲಾರಿಗೆ ಹತ್ತಿಸಿದ್ದು ಪೋರ್ತಿಕೊ ದೊತ್ತಾವಿಯಾದ ಅವಶೇಷಗಳ ಬಳಿ. ಇಂದು ಚೆರ್ರಿ ಸಿಹಿಗೆ ಜನ ಸರದಿ ನಿಲ್ಲುವ ಬೀದಿಯೂ ಅದೇ.

ಒಂದು ಸಿಹಿಯ ಬಗ್ಗೆ ಬರೆಯುತ್ತ ಇದನ್ನೆಲ್ಲ ಏಕೆ ಹೇಳಬೇಕು ಎಂದು ಕೇಳಬಹುದು. ಮನೆಯ ಅಡುಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುವ ವಿದ್ಯೆ. ಸಾವಿರ ಜನ ಇಲ್ಲವಾದರೆ ಎಷ್ಟು ಮನೆಗಳ ಅಜ್ಜಿಯರು, ಅವರ ಅಳತೆಗಳು, ಅವರ ಕೈಗುಣ ಇಲ್ಲವಾಗುತ್ತವೆ ಎಂಬುದನ್ನು ಯೋಚಿಸಬೇಕು. ಉಳಿದದ್ದು ತಾನಾಗಿ ಉಳಿದದ್ದಲ್ಲ. ಉಳಿದವರು ಮತ್ತೆ ಒಲೆ ಹಚ್ಚಿದ್ದರಿಂದ ಉಳಿಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕಸ್ಸೋಲಾ ಈಗ ಯಹೂದಿ ಮನೆಗಳದ್ದು ಮಾತ್ರ ಅಲ್ಲ. ರೋಮಿನ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಅದು ಕ್ರಿಸ್‌ಮಸ್ ಸಿಹಿ. ಯಾವ ಕಾಲದಲ್ಲಿ, ಯಾರ ಮನೆಯಿಂದ ಯಾರ ಮನೆಗೆ ಹೋಯಿತೆಂದು ದಾಖಲೆ ಇಟ್ಟವರಿಲ್ಲ. ರಾತ್ರಿ ಬೀಗ ಬೀಳುತ್ತಿದ್ದ ಬಾಗಿಲು ಹಗಲು ತೆರೆದೇ ಇರುತ್ತಿತ್ತು. ಹಳೆ ಬಟ್ಟೆ ಕೊಳ್ಳಲು, ಮಾರಲು, ಸಾಲಕ್ಕೆ, ಹೊಲಿಗೆಗೆ ಜನ ಒಳಹೊರಗೆ ಓಡಾಡುತ್ತಲೇ ಇದ್ದರು. ಶಾಸನಗಳು ತಡೆದ ಸಹವಾಸವನ್ನು ಅಡುಗೆಮನೆಗಳು ಸದ್ದಿಲ್ಲದೆ ನಡೆಸಿಕೊಂಡು ಬಂದಿವೆ. ಇಂದು ಡಿಸೆಂಬರಿನಲ್ಲಿ ಅದನ್ನು ಬೇಯಿಸುವ ಎಷ್ಟೋ ಮನೆಗಳಿಗೆ ಅದು ಯಾರ ಹಬ್ಬದ ಸಿಹಿ ಎಂಬುದು ಮರೆತೂ ಹೋಗಿರಬಹುದು.

ಸಿಸಿಲಿಯಿಂದ ಹಡಗು ಹತ್ತಿದವರು ಮನೆ, ಅಂಗಡಿ, ಕುಲುಮೆ, ಹಿರಿಯರ ಸಮಾಧಿ ಎಲ್ಲವನ್ನೂ ಬಿಟ್ಟು ಬಂದರು. ಕುರಿ ಹಾಲನ್ನು ತರಲಾಗಲಿಲ್ಲ, ಅದನ್ನು ರೋಮ್ ಕೊಟ್ಟಿತು. ಅವರು ಕೊಟ್ಟದ್ದು ಅದನ್ನು ಸಿಹಿ ಮಾಡುವ ಬಗೆ. ಗಿಣ್ಣು ತೆಗೆದ ಮೇಲೆ ಏನೂ ಇಲ್ಲವೆಂದು ಕಾಣುವ ತಿಳಿನೀರಿನಲ್ಲಿ ಇನ್ನೂ ಏನೋ ಉಳಿದಿದೆ ಎಂದು ಮತ್ತೆ ಒಲೆಯ ಮೇಲಿಟ್ಟ ಕುರಿಗಾಹಿಯ ಹಾಗೆಯೇ, ಎಲ್ಲ ಕಳೆದುಕೊಂಡ ಮೇಲೂ ಅವರು ಹಬ್ಬದ ದಿನ ಒಲೆ ಹಚ್ಚಿದರು. ಮುಂದೆ ಎಂದಾದರೂ ನಮ್ಮ ಮನೆಯಲ್ಲಿ ಹಾಲು ಒಡೆದಾಗ, ಬಚ್ಚಲಿಗೆ ಸುರಿಯುವ ಮುನ್ನ ಈ ಸಿಹಿಯನ್ನು ಒಮ್ಮೆ ನೆನೆಯಬಹುದು.